ನೆಟ್ಟ ಕಾಂಡ್ಲಾ ಉಳಿಯುವುದಿಲ್ಲವೇಕೆ?

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ, ಇಳಿತಕ್ಕೆ ಮಾತ್ರ ಕಾಣುವ ಕೆಸರು ಬಯಲಲ್ಲಿ ಎರಡು ಮಳೆಗಾಲ ಕಾಂಡ್ಲಾ (ಮ್ಯಾಂಗ್ರೋವ್) ಕೋಡು (ಮರದಲ್ಲೇ ಮೊಳೆತ ಉದ್ದನೆಯ ಸಸಿ) ನೆಟ್ಟೆವು. ಚಿಗುರಿ, ಆಮೇಲೆ ಸತ್ತವು. ಗೊಬ್ಬರ ಬೇಕಿತ್ತೇ?
– ಕುಮಟಾ ಕಡೆಯ ಓದುಗರು

ಉತ್ತರ: ಗೊಬ್ಬರದ ಮಾತೇ ಬೇಡ, ಜಾಗ ತಪ್ಪಿದೆ. ಕಾಂಡ್ಲಾಕ್ಕೆ ಉಪ್ಪುನೀರು ಒಗ್ಗುತ್ತದೆ, ಆದರೆ ನೀರಿಳಿದಾಗಲಷ್ಟೇ ಅದರ ಬೇರು ಉಸಿರಾಡುವುದು. ಸರಾಸರಿ ಸಮುದ್ರಮಟ್ಟಕ್ಕಿಂತ ಮೇಲೆ, ಭರತದ ಗೆರೆಯೊಳಗೆ ಇರುವ ಪಟ್ಟಿಯಷ್ಟೇ ಅದರದು. ನೀವು ನೆಟ್ಟಲ್ಲಿ ಜನ ಬಳಚು (ಚಿಪ್ಪುಮೀನು) ಹೆಕ್ಕುತ್ತಾರಾದರೆ ಅದು ಬಳಚಿನ ಜಾಗ, ಬಿಟ್ಟುಬಿಡಿ.

ಮಟ್ಟ ನೋಡಲು ಗಾರೆಯವರು ಬಳಸುವ ನೀರು ತುಂಬಿದ ಪೈಪು ಸಾಕು. ಅದೇ ದಂಡೆಯಲ್ಲಿ ತಾನಾಗಿ ಬೆಳೆದ ಎಳೆ ಗಿಡಗಳ ಬುಡಕ್ಕೆ ಒಂದು ತುದಿ, ನೆಡುವ ಜಾಗಕ್ಕೆ ಇನ್ನೊಂದು ತುದಿ ಹಿಡಿಯಿರಿ. ಒಂದು ಗೇಣು ತಗ್ಗಿದ್ದರೂ ಅಲ್ಲಿ ನೆಡಬೇಡಿ.

ರೈಜೋಫೋರಾ ಎಂಬ ಜಾತಿಯ ಕಾಂಡ್ಲಾದ ಕೋಡನ್ನು ಮರದಿಂದ ಕಿತ್ತು ತರಬಾರದು. ಕಾಯಿಗೂ ಕೋಡಿಗೂ ನಡುವಿನ ಕೊರಳು ಹಳದಿಗೆ ತಿರುಗಿ, ಮುಟ್ಟಿದರೆ ಕಳಚುವಂತಿರಬೇಕು. ಟೊಪ್ಪಿಯಂತಿರುವ ಕಾಯಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಒಳಗಿನ ಸುಳಿ ಮುರಿಯುತ್ತದೆ. ಚೂಪು ತುದಿ ಕೆಳಗೆ (ಅವಸರದಲ್ಲಿ ತಲೆಕೆಳಗು ನೆಡುವವರೂ ಉಂಟು), ಮೂರರಲ್ಲೊಂದು ಪಾಲು ಕೆಸರಿನೊಳಗೆ, ಒಂದೊಂದು ಮೀಟರ್ ಅಂತರ. ಅಷ್ಟಮಿಯ ಆಸುಪಾಸು ನೆಟ್ಟರೆ ಭರತದ ಎಳೆತ ಕಡಿಮೆ. ತೇಲಿಬಂದ ಪ್ಲಾಸ್ಟಿಕ್, ಬಲೆಯ ತುಂಡು, ಪಾಚಿ ಎಳೆ ಗಿಡಕ್ಕೆ ಸುತ್ತಿ ಬಗ್ಗಿಸುತ್ತವೆ, ವಾರಕ್ಕೊಮ್ಮೆ ಬಿಡಿಸಿ. ಕಾಂಡಕ್ಕೆ ಚಿಪ್ಪುಹುಳ ದಟ್ಟವಾಗಿ ಕೂತಿದ್ದರೆ ಜಾಗ ಇನ್ನೂ ತಗ್ಗೆಂದೇ ಲೆಕ್ಕ.

ಪ್ರಶ್ನೆ: ಒಡ್ಡಿನ ಹಿಂದೆ ಪಾಳುಬಿದ್ದ ಗಜನಿಯಲ್ಲಿ (ಅಳಿವೆಯಂಚಿನ ತಗ್ಗು ಗದ್ದೆ) ಕಾಂಡ್ಲಾ ಬರಿಸಲು ಎಷ್ಟು ಗಿಡ ಬೇಕು?
– ಹೊನ್ನಾವರ ಕಡೆಯ ಓದುಗರು

ಉತ್ತರ: ಗಿಡ ಎಣಿಸುವ ಮೊದಲು ನೀರು ಓಡಾಡುವಂತೆ ಮಾಡಿ. ನಿಂತ ನೀರು ಬಿಸಿಲಿಗೆ ಆರಿದಂತೆ ಉಪ್ಪು ಏರುತ್ತದೆ, ಸಸಿ ಸುಡುತ್ತದೆ. ತಮಿಳುನಾಡಿನ ಪಿಚಾವರಂ ಕಾಂಡ್ಲಾ ಕಾಡಿನಲ್ಲಿ ಮರ ಕಡಿದ ಮೇಲೆ ನೆಲ ಕುಸಿದು ತಟ್ಟೆಯಂತಾಗಿ, ಆದದ್ದೂ ಇದೇ. 1990ರ ದಶಕದಲ್ಲಿ ಅಲ್ಲಿನ ಅರಣ್ಯ ಇಲಾಖೆ ಮತ್ತು ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಸೇರಿ ಮೀನಿನ ಮುಳ್ಳಿನ ಹಾಗೆ ಕಾಲುವೆ ತೋಡಿ ಭರತ-ಇಳಿತ ಒಳಗೆ ಬರುವಂತೆ ಮಾಡಿದವು. ಆಮೇಲೆ ನೆಟ್ಟದ್ದು ಹಿಡಿಯಿತು. ಕಾಲುವೆಯ ಬಾಯಿ ಅಗಲ, ತಳ ಕಿರಿದಾಗಿರಲಿ, ಇಲ್ಲವಾದರೆ ಅಂಚು ಜರಿಯುತ್ತದೆ. ಹೂಳು ಎತ್ತುತ್ತಲೇ ಇರಬೇಕು. ಹತ್ತಿರದಲ್ಲಿ ತಾಯಿಮರ ಇದ್ದರೆ ಒಂದು ಮಳೆಗಾಲ ಕಾದು ನೋಡಿ, ಭರತವೇ ಬೀಜ ತರುತ್ತದೆ; ಬರಿದಾಗಿ ಉಳಿದ ಕಡೆ ಮಾತ್ರ ನೆಡಿ. ಒಡ್ಡಿಗೆ ಕೈ ಹಾಕುವ ಮೊದಲು ಪಕ್ಕದ ಗದ್ದೆಯವರನ್ನೂ ಅರಣ್ಯ ಇಲಾಖೆಯನ್ನೂ ಕೇಳಿ. ಅವರ ಗದ್ದೆಗೆ ಉಪ್ಪುನೀರು ನುಗ್ಗಿದರೆ ಕಗ್ಗ ಎಂಬ ಇಲ್ಲಿನ ಭತ್ತ ತಾಳುತ್ತದೆ, ಸಾಮಾನ್ಯ ಭತ್ತ ತಾಳದು.