ಎಲ್ಲ ಸಮಸ್ಯೆಯೂ ನನ್ನ ಮೇಜಿಗೇ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ಪೀಣ್ಯದಲ್ಲಿ 60 ಜನರಿರುವ ಬಿಡಿಭಾಗಗಳ ಕಾರ್ಖಾನೆ ನಡೆಸುತ್ತಿದ್ದೇನೆ. ನಾಲ್ವರು ಸೂಪರ್‌ವೈಸರ್‌ಗಳೂ ಅನುಭವಸ್ಥರು. ಆದರೂ ಚಿಕ್ಕಪುಟ್ಟ ತೊಂದರೆಗೂ ನನ್ನನ್ನೇ ಕೇಳುತ್ತಾರೆ. ದೊಡ್ಡ ತೊಂದರೆಗಳು ಮಾತ್ರ ಗ್ರಾಹಕರು ಮಾಲು ವಾಪಸ್ ಕಳಿಸಿದ ಮೇಲೆಯೇ ನನಗೆ ತಿಳಿಯುತ್ತವೆ. ಇವರಿಗೆ ತರಬೇತಿ ಕೊಡಿಸಲೇ?

ಉತ್ತರ: ತರಬೇತಿ ನಿಮ್ಮಿಂದಲೇ ಶುರುವಾಗಬೇಕು. ನೋವಾದರೂ ಇದನ್ನು ಹೇಳದೆ ವಿಧಿಯಿಲ್ಲ. ಕೇಳಿದ ಕೂಡಲೇ ನೀವು ಉತ್ತರ ಕೊಡುತ್ತೀರಿ, ಹಾಗಾಗಿ ಅವರು ಯೋಚಿಸುವುದನ್ನು ಬಿಟ್ಟಿದ್ದಾರೆ. ಕೆಟ್ಟ ಸುದ್ದಿ ಬಂದಾಗ ಬಹುಶಃ ‘ಯಾರು ಮಾಡಿದ್ದು?’ ಎಂದು ಕೇಳುತ್ತೀರಿ, ಹಾಗಾಗಿ ಮುಚ್ಚಿಡುವುದನ್ನು ಕಲಿತಿದ್ದಾರೆ.

ಅಮೆರಿಕದ ಒಂದು ಉದಾಹರಣೆ ಕೊಡುತ್ತೇನೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿಗೆ, ಮುಷ್ಕರಗಳಿಗೆ ಹೆಸರಾಗಿತ್ತು. 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೊಟಾ ಜೊತೆಗೂಡಿ ‘ನುಮ್ಮಿ’ ಎಂಬ ಹೆಸರಿನಲ್ಲಿ ಅದನ್ನೇ ಮತ್ತೆ ತೆರೆದಾಗ ಒಳಗೆ ಬಂದವರಲ್ಲಿ ಬಹುಪಾಲು ಹಳೆಯ ಕೆಲಸಗಾರರೇ. ಈ ಬಾರಿ ಪ್ರತಿಯೊಬ್ಬರ ಕೈಗೆಟುಕುವಂತೆ ಒಂದು ಹಗ್ಗವಿತ್ತು. ದೋಷ ಕಂಡರೆ ಎಳೆಯಬೇಕು. ತಂಡದ ಮುಖಂಡ ಓಡಿ ಬರುತ್ತಾನೆ. ಆ ಹೊತ್ತಿನಲ್ಲೇ ಸರಿಹೋಗದಿದ್ದರೆ ಇಡೀ ಉತ್ಪಾದನಾ ಸಾಲು ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾರುಗಳ ಗುಣಮಟ್ಟ ಜನರಲ್ ಮೋಟರ್ಸ್‌ನ ಉಳಿದ ಕಾರ್ಖಾನೆಗಳನ್ನು ಮೀರಿಸಿತು. ಅದೇ ಜನರಲ್ ಮೋಟರ್ಸ್ ತನ್ನ ವ್ಯಾನ್ ನೈಸ್ ಕಾರ್ಖಾನೆಯಲ್ಲೂ ಇಂಥ ಹಗ್ಗ ಕಟ್ಟಿಸಿತು. ಅಲ್ಲಿ ಎಳೆದರೆ ಮೇಲಿನವರಿಗೆ ಸಿಟ್ಟು ಬರುತ್ತಿತ್ತು, ಹಗ್ಗ ನೇತಾಡುತ್ತಲೇ ಉಳಿಯಿತು.

ಈ ಪದ್ಧತಿಯ ಬೇರು ಮಗ್ಗದಲ್ಲಿದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ಟೊಯೊಟಾ ಕಾರು ಕಂಪನಿ ಕಟ್ಟಿದವರ ತಂದೆ ಸಕಿಚಿ ಟೊಯೊಡಾ ಅವರ ಮಗ್ಗ ಒಂದೇ ಒಂದು ಎಳೆ ಕಡಿದರೂ ತಾನಾಗಿಯೇ ನಿಲ್ಲುತ್ತಿತ್ತು. ದೋಷವಿರುವ ಬಟ್ಟೆ ಮುಂದೆ ಸಾಗುತ್ತಲೇ ಇರಲಿಲ್ಲ.

ನಿಮ್ಮಲ್ಲಿಗೆ ಬರೋಣ. ಲೇತ್‌ನಲ್ಲಿ ಹೊರವ್ಯಾಸ ಅಳತೆ ಮೀರುತ್ತಿದೆ ಎಂದು ಸೂಪರ್‌ವೈಸರ್ ಬಂದರು ಎಂದಿಟ್ಟುಕೊಳ್ಳಿ. ‘ಇನ್ಸರ್ಟ್ (ಲೋಹ ಕತ್ತರಿಸುವ ತುದಿ) ಬದಲಿಸಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿರುತ್ತದೆ. ತಡೆಯಿರಿ. ಅವರೊಂದಿಗೆ ಯಂತ್ರದ ಬಳಿಗೆ ನಡೆಯಿರಿ. ‘ನಿಮಗೇನು ಕಾಣುತ್ತಿದೆ?’ ಎಂದು ಕೇಳಿ, ಸುಮ್ಮನಿರಿ. ಆ ಮೌನ ನಿಮಗೆ ತೀರ ಕಷ್ಟವಾಗುತ್ತದೆ, ಆದರೂ ತುಂಬಬೇಡಿ. ಇನ್ಸರ್ಟ್ ಸವೆದಿದೆ ಎನ್ನುತ್ತಾರೆ. ‘ಸವೆಯುವ ಮೊದಲೇ ಏಕೆ ಬದಲಿಸಲಿಲ್ಲ?’ ಎಂದು ಕೇಳಿ. ಎಷ್ಟು ಜಾಬ್ (ಬಿಡಿಭಾಗ) ಆಯಿತೆಂಬ ಲೆಕ್ಕ ಸಿಗಲಿಲ್ಲ ಎನ್ನುತ್ತಾರೆ. ‘ಏಕೆ ಸಿಗಲಿಲ್ಲ?’ ಎನ್ನಿ. ಶಿಫ್ಟ್ ಬದಲಾದಾಗ ಹಿಂದಿನವರು ಲೆಕ್ಕ ಬರೆದ ಬೋರ್ಡ್ ಒರೆಸಿ ಹೋಗುತ್ತಾರೆ ಎಂಬ ಉತ್ತರ ಬರುತ್ತದೆ. ಆಪರೇಟರ್‌ನನ್ನು ಬೈದಿದ್ದರೆ ಈ ಬೋರ್ಡಿನವರೆಗೆ ನೀವು ತಲುಪುತ್ತಲೇ ಇರಲಿಲ್ಲ. ಪರಿಹಾರವನ್ನೂ ಅವರೇ ಸೂಚಿಸಲಿ. ನಿಮ್ಮ ಉಪಾಯದಷ್ಟು ಚೆನ್ನಾಗಿಲ್ಲದಿದ್ದರೂ, ಅಪಾಯವಿಲ್ಲದಿದ್ದರೆ, ಒಂದು ವಾರ ನಡೆಯಲು ಬಿಡಿ. ಆಮೇಲೆ ಇಬ್ಬರೂ ಹೋಗಿ ನೋಡಿ.

ನಾಲ್ವರೊಂದಿಗೂ ಒಮ್ಮೆಲೇ ತೊಡಗಬೇಡಿ. ಒಬ್ಬರು, ಒಂದು ಯಂತ್ರ, ದಿನಕ್ಕೆ 15 ನಿಮಿಷ ಸಾಕು. ಆರಂಭದಲ್ಲಿ ಉತ್ಪಾದನೆ ತುಸು ಇಳಿಯಬಹುದು, ದೂರುಗಳು ಖಂಡಿತ ಹೆಚ್ಚುತ್ತವೆ. ಇಷ್ಟು ದಿನ ಬಚ್ಚಿಟ್ಟದ್ದೆಲ್ಲ ಹೊರಬರುತ್ತಿದೆ ಎಂದು ತಿಳಿಯಿರಿ. ಮೊದಲ ಬಾರಿಗೆ ಯಾರಾದರೂ ತಾವಾಗಿಯೇ ಯಂತ್ರ ನಿಲ್ಲಿಸಿ ‘ಸರ್, ನನ್ನಿಂದ ತಪ್ಪಾಗಿದೆ’ ಎಂದಾಗ ಉಳಿದ 59 ಜನರೂ ನಿಮ್ಮ ಮುಖವನ್ನೇ ನೋಡುತ್ತಿರುತ್ತಾರೆ. ಎಲ್ಲರಿಗೂ ಕೇಳುವಂತೆ ಅವರಿಗೆ ಧನ್ಯವಾದ ಹೇಳಿ.