ಕುಡಿತ, ಡ್ರಗ್ಸ್ ಬಿಟ್ಟವರಿಗಾಗಿ ಕಲಾ ಕಾರ್ಯಕ್ರಮ: ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿದ್ದು ಇಷ್ಟು. ನಿಮಗೆ ನಾಟಕದ ಅನುಭವ ಇದೆ. ಕುಡಿತ, ಡ್ರಗ್ಸ್ ಬಿಟ್ಟು ಚೇತರಿಸಿಕೊಳ್ಳುತ್ತಿರುವವರಿಗೆ ಚಿತ್ರ, ಹಾಡು, ನಾಟಕ ಎಲ್ಲ ಸೇರಿಸಿ ಒಂದು ಕಾರ್ಯಕ್ರಮ ನಡೆಸಿಕೊಡಿ ಅಂತ ಒಂದು ಸಂಸ್ಥೆ ಕರೆದಿದೆ. ಚಟದ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ. ಮೂರು ತಿಂಗಳ ಕೊನೆಗೆ ಅವರಿಗೆ ಒಂದು ಪ್ರದರ್ಶನ ಬೇಕಂತೆ. ಎಲ್ಲಿಂದ ಶುರು ಮಾಡಲಿ ಅನ್ನುವುದು ನಿಮ್ಮ ಪ್ರಶ್ನೆ.

ನಾನು ಇದೇ ಕೆಲಸದಲ್ಲಿ ಕೆಲವು ವರ್ಷಗಳಿಂದ ಇದ್ದೇನೆ, ಅದಕ್ಕೇ ನೇರವಾಗಿ ಹೇಳುತ್ತೇನೆ. ಪ್ರದರ್ಶನದ ಮಾತು ಸದ್ಯಕ್ಕೆ ಬಿಡಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆ, ಇದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅದನ್ನು ಯಾವ ಕಾರಣಕ್ಕೂ ಬದಲಿಸಬೇಡಿ.

ಯಾಕೆ ಅಂದರೆ, ಚಟ ಅನ್ನುವುದು ಕುಡಿಯುವ ಆ ಹೊತ್ತಿಗೆ ಮುಗಿಯುವ ಸಂಗತಿ ಅಲ್ಲ. ದುಡ್ಡು ಹೊಂದಿಸಬೇಕು, ಸಿಗುವ ಜಾಗ ಹುಡುಕಬೇಕು, ಮನೆಯವರಿಂದ ಮುಚ್ಚಿಡಬೇಕು, ಅಮಲು ಇಳಿದ ಮೇಲೆ ಸುಧಾರಿಸಿಕೊಳ್ಳಬೇಕು. ಇಡೀ ದಿನ ಅದರಲ್ಲೇ ಹೋಗಿರುತ್ತದೆ. ಬಿಟ್ಟ ಮೇಲೆ ಆ ದಿನವೆಲ್ಲ ಖಾಲಿ ಬಿದ್ದಿರುತ್ತದೆ. ಗೆಳೆಯರೂ ಇರುವುದಿಲ್ಲ, ಇದ್ದವರೆಲ್ಲ ಜೊತೆಗೆ ಕುಡಿಯುತ್ತಿದ್ದವರೇ ಅಲ್ವಾ. ಸಂಜೆ ಆರರಿಂದ ಒಂಬತ್ತು, ರಜಾ ದಿನ, ಹಬ್ಬದ ದಿನ, ಇವು ತುಂಬಾ ಕಷ್ಟದ ಹೊತ್ತು. ಆದರೆ ಸಂಸ್ಥೆಯವರು ನಿಮಗೆ ಕೊಡುವುದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ, ಅವರ ಸಿಬ್ಬಂದಿ ಇರುವುದು ಆಗಲೇ. ಈ ಒಂದು ವಿಷಯಕ್ಕೆ ಜಗಳ ಆಡಿ. ಬೇರೆ ಏನನ್ನಾದರೂ ಬಿಟ್ಟುಕೊಡಿ, ಸಂಜೆಯನ್ನು ಬಿಡಬೇಡಿ. ಸಮಯ ಇಡುವ ಮುಂಚೆ ಅವರ ಆಲ್ಕೊಹಾಲಿಕ್ಸ್ ಅನಾನಿಮಸ್ ಅಥವಾ ನಾರ್ಕೋಟಿಕ್ಸ್ ಅನಾನಿಮಸ್ (ಕುಡಿತ, ಡ್ರಗ್ಸ್ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಗುಂಪುಗಳು) ಸಭೆ ಎಷ್ಟು ಗಂಟೆಗೆ ಅಂತ ಕೇಳಿಕೊಳ್ಳಿ. ಹೆರಾಯಿನ್ ಬಿಡಲು ಅದರ ಬದಲಿಗೆ ಕೊಡುವ ಮೆಥಡೋನ್ ಅನ್ನುವ ಔಷಧಿ ತೆಗೆದುಕೊಳ್ಳುವವರು ಅನೇಕ ಕಡೆ ದಿನವೂ ಕ್ಲಿನಿಕ್‌ಗೆ ಹೋಗಿ, ನರ್ಸ್ ಎದುರಿಗೇ ಆ ಔಷಧಿ ಕುಡಿದು ಬರಬೇಕಾಗುತ್ತದೆ. ನಿಮ್ಮ ತರಗತಿ ಆ ಹೊತ್ತಿಗೇ ಬಿದ್ದರೆ ಅವರು ಬರುವುದಿಲ್ಲ. ನೀವು ಮಾತ್ರ ಆಸಕ್ತಿ ಇಲ್ಲ ಅಂದುಕೊಂಡು ಕೂತಿರುತ್ತೀರಿ.

ಕಲೆಯಿಂದ ಚಟ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಸರ್ಕಾರ ಒಂದು ದೊಡ್ಡ ಸಂಸ್ಥೆ ತೆರೆಯಿತು, ಅರ್ಧ ಜೈಲು, ಅರ್ಧ ಆಸ್ಪತ್ರೆ. ಜನ ಅದನ್ನು ನಾರ್ಕೋಟಿಕ್ ಫಾರ್ಮ್ ಅಂತ ಕರೆಯುತ್ತಿದ್ದರು. ಹೆರಾಯಿನ್‌ಗೆ ಬಿದ್ದಿದ್ದ ಎಷ್ಟೋ ಜಾಝ್ ಸಂಗೀತಗಾರರು ಅಲ್ಲಿಗೆ ಬಂದರು. ಒಳಗೆ ವಾದ್ಯ ಇತ್ತು, ಅಭ್ಯಾಸಕ್ಕೆ ಜಾಗ ಇತ್ತು, ಕಛೇರಿಗಳೂ ನಡೆಯುತ್ತಿದ್ದವು. ಅಷ್ಟೊಳ್ಳೆ ಸಂಗೀತ ನಿಮ್ಮ ಮೂರು ತಿಂಗಳ ಕಾರ್ಯಕ್ರಮದಲ್ಲಂತೂ ಬರುವುದಿಲ್ಲ. ಆದರೂ ಅಲ್ಲಿಂದ ಹೊರಗೆ ಹೋದವರಲ್ಲಿ ಹೆಚ್ಚಿನವರು ಮತ್ತೆ ಶುರು ಮಾಡಿಕೊಂಡರು. ಅದೇ ಬೀದಿ, ಅದೇ ಕ್ಲಬ್, ಅದೇ ಜನ. ಸ್ಯಾಕ್ಸೊಫೋನ್ ವಾದಕ ಸನ್ನಿ ರೋಲಿನ್ಸ್ 1950ರ ದಶಕದ ನಡುವೆ ಅಲ್ಲಿದ್ದು ಬಂದವರು, ಅವರು ಹೆರಾಯಿನ್ ಬಿಟ್ಟೇಬಿಟ್ಟರು. ಹೊರಗೆ ಬಂದ ಮೇಲೆ ಅವರು ಕೆಲಕಾಲ ಶಿಕಾಗೊದಲ್ಲಿ ಸಣ್ಣಪುಟ್ಟ ಕೆಲಸ ಮಾಡಿಕೊಂಡು, ಕ್ಲಬ್‌ಗಳಿಂದ ದೂರ ಇದ್ದರು. ಒಳಗೆ ಕಲಿತದ್ದಕ್ಕೆ ಹೊರಗೂ ಒಂದು ಜಾಗ ಇರಬೇಕು, ನಾವು ಮಾಡುವ ಕೆಲಸದ ಅರ್ಥ ಅಷ್ಟೇ. ಆಸ್ಪತ್ರೆಯ ಒಳಗೆ ಮಾಡುವುದಕ್ಕಿಂತ ಊರಿನ ಸಾಮಾನ್ಯ ಜಾಗದಲ್ಲಿ, ಗ್ರಂಥಾಲಯದ ಕೋಣೆಯಲ್ಲೋ ಶಾಲೆಯ ಹಾಲ್‌ನಲ್ಲೋ ಮಾಡಿ ಅಂತ ನಾನು ಹೇಳುವುದು ಅದಕ್ಕೇ. ಹೋಗುವ ದಾರಿಯಲ್ಲಿ ಬಾರ್ ಇದೆಯಾ ಅಂತ ಒಮ್ಮೆ ನೀವೇ ನಡೆದು ನೋಡಿ.

ಹಾಗಂತ ಏನೂ ಪುರಾವೆ ಇಲ್ಲ ಅಂತಲ್ಲ. ದುಡ್ಡು ಕೊಡುವವರು ಕೇಳಿದರೆ 2022ರ ಕೊಕ್ರೇನ್ ಪರಿಶೀಲನೆ ತೋರಿಸಿ; ಕೊಕ್ರೇನ್ ಅಂದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆ. ಸಂಗೀತ ಚಿಕಿತ್ಸೆಯ 21 ಪ್ರಯೋಗಗಳನ್ನು, ಒಟ್ಟು 1,984 ಜನರನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಇದ್ದರೆ ಬೇಕು ಬೇಕು ಅನ್ನುವ ಕ್ರೇವಿಂಗ್ ಕಡಿಮೆಯಾಗಬಹುದು, ಚಿಕಿತ್ಸೆ ಪಡೆಯುವ, ಬದಲಾಗುವ ಮನಸ್ಸು ಹೆಚ್ಚಬಹುದು ಅಂತ ಅದರಲ್ಲಿ ಕಂಡಿದೆ. ಒಂದೇ ಸಲಕ್ಕಿಂತ ಹೆಚ್ಚು ಸಲ ನಡೆಸಿದಾಗ ಕ್ರೇವಿಂಗ್ ಇನ್ನೂ ಚೆನ್ನಾಗಿ ತಗ್ಗಿದೆ. ಖಿನ್ನತೆ, ಆತಂಕದ ವಿಷಯದಲ್ಲಿ ಮಾತ್ರ ಸ್ಪಷ್ಟ ಲಾಭ ಕಾಣಲಿಲ್ಲ. ಅದೂ ತರಬೇತಿ ಪಡೆದ ಚಿಕಿತ್ಸಕರು ಮಾಡಿದ ಕೆಲಸ. ನೀವು ಚಿಕಿತ್ಸಕರಲ್ಲ, ನಾನೂ ಅಲ್ಲ. ಪೋಸ್ಟರ್ ಮೇಲೆ 'ಆರ್ಟ್ ಥೆರಪಿ' ಅಂತ ಹಾಕಬೇಡಿ. ಬ್ರಿಟನ್‌ನಂಥ ದೇಶದಲ್ಲಿ ನೋಂದಣಿ ಇಲ್ಲದೆ ಆರ್ಟ್ ಥೆರಪಿಸ್ಟ್ ಅಂತ ಹೇಳಿಕೊಳ್ಳುವುದೇ ಕಾನೂನಿಗೆ ವಿರುದ್ಧ. 'ಚಿತ್ರದ ತರಗತಿ' ಅಂತ ಬರೆಯಿರಿ. ಬರುವವರಿಗೂ ಅದೇ ಇಷ್ಟ. ವಾರವೆಲ್ಲ ರೋಗಿ ಆಗಿದ್ದವರು ಒಂದು ಸಂಜೆ ವಿದ್ಯಾರ್ಥಿ ಆಗಿರಲಿ ಬಿಡಿ.

ಇನ್ನು ಯಾರನ್ನು ಸೇರಿಸಿಕೊಳ್ಳಬೇಕು? ಕುಡಿತ ಬಿಟ್ಟು ಒಂದೆರಡು ದಿನ ಆಗಿರುವವರನ್ನು ಬೇಡ. ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣುವುದು, ಪೂರ್ತಿ ಗೊಂದಲ, ಜ್ವರ ಬರುವ ಸ್ಥಿತಿ ಆಗುತ್ತದೆ, ಅದರಿಂದ ಜೀವವೇ ಹೋಗಬಹುದು. ಅವರು ಇರಬೇಕಾದ್ದು ಆಸ್ಪತ್ರೆಯಲ್ಲಿ. ಡಿಟಾಕ್ಸ್ (ದೇಹದಿಂದ ಅಮಲು ಪೂರ್ತಿ ಇಳಿಸುವ ಚಿಕಿತ್ಸೆ) ಮುಗಿದಿದೆ, ಬರಬಹುದು ಅಂತ ಅವರ ಡಾಕ್ಟರ್ ಅಥವಾ ಕೌನ್ಸೆಲರ್ ಹೇಳಿದ ಮೇಲೆ ಸೇರಿಸಿಕೊಳ್ಳಿ. ತರಗತಿ ನಡೆಯುವಾಗ ಫೋನ್ ಎತ್ತುವ ಕೌನ್ಸೆಲರ್ ಒಬ್ಬರು ಇರಲೇಬೇಕು. ಅದು ಇಲ್ಲದಿದ್ದರೆ ನಾನಾಗಿದ್ದರೆ ಈ ಕೆಲಸವನ್ನೇ ಒಪ್ಪಿಕೊಳ್ಳುವುದಿಲ್ಲ.

ಡಿಟಾಕ್ಸ್ ಆದ ಮೇಲೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ನಿದ್ದೆ ಸರಿ ಇರುವುದಿಲ್ಲ. ಗಮನ ನಿಲ್ಲುವುದಿಲ್ಲ, ಸಿಟ್ಟು ಬೇಗ ಬರುತ್ತದೆ. ಹಾಗಾಗಿ ಮೊದಲ ದಿನವೇ ಸಣ್ಣ ಕುಂಚ ಕೊಟ್ಟು ಮುಖ ಬಿಡಿಸಿ ಅನ್ನಬೇಡಿ. ನಡುಗುವ ಕೈಯನ್ನು ಎಲ್ಲರೂ ನೋಡುತ್ತಾರೆ, ಮುಂದಿನ ವಾರ ಆ ಮನುಷ್ಯ ಬರುವುದಿಲ್ಲ. ಜೇಡಿಮಣ್ಣು, ಹರಿದು ಅಂಟಿಸುವ ಕೊಲಾಜ್, ದೊಡ್ಡ ಕಾಗದ, ಇದ್ದಿಲು, ತಾಳವಾದ್ಯ, ಇಂಥವು ಒಳ್ಳೆಯದು. ನಲವತ್ತು ನಿಮಿಷ ಕೆಲಸ, ಹತ್ತು ನಿಮಿಷ ಬಿಡುವು. ಎದ್ದು ಹೊರಗೆ ಹೋಗಿ ಬರುವವರನ್ನು ಯಾಕೆ ಅಂತ ಕೇಳಬೇಡಿ.

ಸಾಮಾನಿನ ಪಟ್ಟಿಯನ್ನು ಮಾತ್ರ ನೀವೇ ಕೂತು ಓದಿ. ಥಿನ್ನರ್, ಸ್ಪ್ರೇ ಪೇಂಟ್, ಘಾಟು ಬರುವ ಅಂಟು, ಕೆಲವು ಮಾರ್ಕರ್ ಪೆನ್ನುಗಳು ಬೇಡ. ಅವುಗಳಲ್ಲಿ ಟಾಲ್ವೀನ್‌ನಂಥ ದ್ರಾವಕಗಳು ಇರುತ್ತವೆ, ಅದನ್ನು ಮೂಸಿಯೇ ಅಮಲು ಮಾಡಿಕೊಳ್ಳುವವರಿದ್ದಾರೆ. ನೀರಿನಲ್ಲಿ ಕಲಸುವ ಬಣ್ಣ ಸಾಕು. ಕುಡಿತದಿಂದ ದೂರ ಇರಲು ಕೊಡುವ ಡೈಸಲ್ಫಿರಾಂ ಮಾತ್ರೆ ತೆಗೆದುಕೊಳ್ಳುವವರ ವಿಷಯ ಇನ್ನೂ ಸೂಕ್ಷ್ಮ. ಆ ಮಾತ್ರೆಯ ಮೇಲೆ ಆಲ್ಕೊಹಾಲ್ ಒಳಗೆ ಹೋದರೆ ಮುಖ ಕೆಂಪಾಗಿ, ವಾಂತಿ, ಎದೆಬಡಿತ ಶುರುವಾಗುತ್ತದೆ. ಚರ್ಮಕ್ಕೆ ಹಚ್ಚಿಕೊಂಡರೂ, ಆವಿ ಉಸಿರಾಡಿದರೂ ಕೆಲವರಿಗೆ ತೊಂದರೆ ಆಗುತ್ತದೆ. ಸ್ಪಿರಿಟ್ ಇರುವ ವಾರ್ನಿಷ್ ಬೇಡ, ಬಾಗಿಲಲ್ಲಿ ಸ್ಯಾನಿಟೈಸರ್ ಬದಲು ಸೋಪು ಇಡಿ. ಮಾತ್ರೆಯ ಹೆಸರು ಹೇಳಿ ಅಂತ ಯಾರನ್ನೂ ಕೇಳಬೇಕಾಗಿಲ್ಲ, ಎಲ್ಲರಿಗೂ ಸೇರಿಸಿ ಇದನ್ನೇ ನಿಯಮ ಮಾಡಿ.

ಸಂಗೀತದಲ್ಲಿ ಬೇರೆ ತರದ ಅಪಾಯ ಇದೆ. ಹಿಂದೆ ಅಮಲಿನಲ್ಲಿ ಕೇಳುತ್ತಿದ್ದ ಹಾಡು ಕಿವಿಗೆ ಬಿದ್ದರೆ ಸಾಕು, ಆಸೆ ಎದ್ದು ನಿಲ್ಲುತ್ತದೆ. ಅದು ಯಾವ ಹಾಡು ಅಂತ ನಿಮಗೆ ಹೇಗೆ ಗೊತ್ತಾಗಬೇಕು? ಹಾಡನ್ನು ಅವರೇ ಆರಿಸಲಿ. ಬೇಡ ಅಂದವರು ಕಾರಣ ಹೇಳದೆ ಬೇಡ ಅನ್ನಬಹುದು ಅಂತ ಮೊದಲೇ ಹೇಳಿಬಿಡಿ. ಹೊಸದಾಗಿ ಹಾಡು ಕಟ್ಟುವುದು ಇನ್ನೂ ಒಳ್ಳೆಯದು, ಅದಕ್ಕೆ ಹಳೆಯ ನೆನಪು ಅಂಟಿರುವುದಿಲ್ಲ.

ನಾಟಕ ನಿಮ್ಮ ಕ್ಷೇತ್ರ, ಅದಕ್ಕೇ ಇಲ್ಲಿ ನಿಮಗೆ ಆಸೆ ಜಾಸ್ತಿ ಇರುತ್ತದೆ. 'ನಿಮ್ಮ ಕಥೆಯನ್ನೇ ಅಭಿನಯಿಸಿ' ಅನ್ನುವ ಆಸೆ. ದಯವಿಟ್ಟು ಬೇಡ. ಅವರು ತಮ್ಮ ಕಥೆಯನ್ನು ಡಾಕ್ಟರಿಗೆ, ಪೊಲೀಸರಿಗೆ, ಹೆಂಡತಿಗೆ, ಸಭೆಯಲ್ಲಿ, ಎಲ್ಲ ಕಡೆ ಹೇಳಿ ಹೇಳಿ ಸಾಕಾಗಿರುತ್ತಾರೆ. ರಾಜ, ಕಳ್ಳ, ಮಾತಾಡುವ ಮರ, ಏನಾದರೂ ಆಗಲಿ. ತಮ್ಮ ಬದುಕಿನ ಹತ್ತಿರದ್ದನ್ನೇ ಮಾಡುತ್ತೇವೆ ಅಂತ ಅವರೇ ಅಂದರೆ ಬ್ರೆಜಿಲ್‌ನ ಅಗಸ್ಟೊ ಬೋಲ್ ರೂಪಿಸಿದ ಫೋರಂ ಥಿಯೇಟರ್ ಕ್ರಮ ಉಪಯೋಗಕ್ಕೆ ಬರುತ್ತದೆ. ನಿಮಗೆ ಗೊತ್ತೇ ಇರಬಹುದು: ಒಂದು ಸಮಸ್ಯೆಯ ದೃಶ್ಯ ಆಡುತ್ತಾರೆ, ನೋಡುತ್ತಿರುವವರು ನಿಲ್ಲಿಸಿ, ಮುಖ್ಯ ಪಾತ್ರದ ಜಾಗಕ್ಕೆ ತಾವೇ ಬಂದು ಬೇರೆ ರೀತಿ ಮಾಡಿ ನೋಡುತ್ತಾರೆ. ಮದುವೆ ಮನೆಯಲ್ಲಿ ಮಾವ ಗ್ಲಾಸು ಕೈಗಿಡುವ ದೃಶ್ಯಕ್ಕೆ ಎಷ್ಟು ತರದ ಉತ್ತರ ಬರುತ್ತದೆ ನೋಡಿ, ಕೆಲವು ಕೇಳಿ ನೀವು ಬಿದ್ದು ಬಿದ್ದು ನಗುತ್ತೀರಿ. ಮಾವನ ಪಾತ್ರಕ್ಕೆ ನೀವೇ ನಿಲ್ಲಿ. ಕುಡಿಯುವವನ ಪಾತ್ರವನ್ನು ಮೊನ್ನೆ ಬಿಟ್ಟವರ ಕೈಲಿ ಮಾಡಿಸಬೇಡಿ. ದೃಶ್ಯ ಮುಗಿದ ಮೇಲೆ ಪಾತ್ರದಿಂದ ಹೊರಗೆ ಬರಲು ಸಮಯ ಕೊಡಿ, ಎದ್ದು ಓಡಾಡಿ, ತಮ್ಮ ಹೆಸರು ಹೇಳಿಕೊಂಡು, ಬೇರೆ ಮಾತಾಡಿ ಆಮೇಲೆ ಮನೆಗೆ ಹೋಗಲಿ.

ಯಾರಾದರೂ ಕುಡಿದು ಬಂದರೆ? ಬಂದೇ ಬರುತ್ತಾರೆ. ಏನು ಮಾಡುತ್ತೇವೆ ಅಂತ ಮೊದಲ ವಾರವೇ ಎಲ್ಲರೂ ಕೂತು ತೀರ್ಮಾನಿಸಿ. ನಮ್ಮಲ್ಲಿ ಇರುವುದು ಇದು: ಇವತ್ತು ಒಳಗೆ ಇಲ್ಲ, ಮುಂದಿನ ವಾರ ನಿಮ್ಮ ಜಾಗ ಹಾಗೇ ಇರುತ್ತದೆ. ಒಬ್ಬರು ಹೊರಗೆ ಅವರ ಜೊತೆ ಕೂರುತ್ತಾರೆ, ಮನೆಗೆ ಹೋಗುವ ವ್ಯವಸ್ಥೆ ಮಾಡುತ್ತಾರೆ. ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ ಆಗಿದೆ, ತುಟಿ ನೀಲಿಯಾಗಿದೆ ಅಂದರೆ ಮಲಗಿ ಎದ್ದರೆ ಸರಿ ಹೋಗುತ್ತಾರೆ ಅಂತ ಬಿಡಬೇಡಿ, ಆಂಬುಲೆನ್ಸ್ ಕರೆಯಿರಿ. ಹೆರಾಯಿನ್‌ನಂಥ ಓಪಿಯಾಯ್ಡ್ (ಅಫೀಮಿನ ಜಾತಿಯ ಡ್ರಗ್ಸ್) ಅತಿಯಾದಾಗ ಅದರ ಪರಿಣಾಮ ಇಳಿಸಲು ನಾಲಾಕ್ಸೋನ್ ಅನ್ನುವ ಔಷಧಿ ಇದೆ, ನಿಮ್ಮ ಕಡೆ ಸಿಗುವುದಾದರೆ ಇಟ್ಟುಕೊಳ್ಳಿ, ಬಳಸುವುದು ಕಲಿಯಿರಿ. ಎರಡು ವಾರ ಬರದೇ ಇದ್ದವರಿಗೆ ಫೋನ್ ಮಾಡುವುದು ನಿಮ್ಮ ಕೆಲಸದಲ್ಲಿ ತುಂಬಾ ದೊಡ್ಡ ಭಾಗ. ಕೆಲಕಾಲ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮತ್ತೆ ಜಾರಿ ಮುಂಚಿನಷ್ಟೇ ತೆಗೆದುಕೊಂಡರೆ ಸಾಯುವ ಸಾಧ್ಯತೆ ಹೆಚ್ಚು. ಅಂಥವರು ನಾಚಿಕೆಯಿಂದ ಮನೆಯಲ್ಲಿ ಒಬ್ಬರೇ ಕೂರುವುದಕ್ಕಿಂತ ನಿಮ್ಮ ಬಾಗಿಲಿಗೆ ಬರುವುದು ಎಷ್ಟೋ ವಾಸಿ. 'ಯಾಕೆ ಬರಲಿಲ್ಲ' ಅಂತ ಶುರು ಮಾಡಬೇಡಿ. 'ನಿಮ್ಮ ಮಣ್ಣಿನ ಬಟ್ಟಲು ಒಣಗಿದೆ, ಬಣ್ಣ ಹಚ್ಚಬೇಕಲ್ಲ' ಅನ್ನಿ.

ಈಗ ಪ್ರದರ್ಶನದ ಪ್ರಶ್ನೆ. ಮಾಡಬಹುದು, ಅವರಿಗೆ ಬೇಕಿದ್ದರೆ. 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಹೆಸರಲ್ಲೇ ಅನಾಮಿಕತೆ ಇದೆ. ಅದಕ್ಕೆ ಕಾರಣ ಕೆಲಸ ಹೋಗಬಹುದು, ಮನೆ ಬಾಡಿಗೆಗೆ ಸಿಗದೇ ಹೋಗಬಹುದು, ಮಕ್ಕಳಿಗೆ ಶಾಲೆಯಲ್ಲಿ ಮಾತು ಕೇಳಬೇಕಾಗಬಹುದು. ಆದ್ದರಿಂದ ಕೃತಿಯ ಕೆಳಗೆ ಹೆಸರು ಹಾಕುವುದು, ಬೇರೆ ಹೆಸರು ಹಾಕುವುದು, ಏನೂ ಹಾಕದಿರುವುದು, ಎಲ್ಲ ಅವರ ಇಷ್ಟ. ಫೋಟೋಗೆ ಒಪ್ಪಿಗೆ ಕೇಳಿ, ಪ್ರತಿ ಸಲ ಕೇಳಿ, ಆಮೇಲೆ ಬೇಡ ಅಂದರೆ ತೆಗೆದುಹಾಕಿ. ಇಂಟರ್‌ನೆಟ್‌ಗೆ ಹೋದದ್ದು ಪೂರ್ತಿ ವಾಪಸ್ ಬರುವುದಿಲ್ಲ ಅಂತಲೂ ಹೇಳಿ. ಪ್ರದರ್ಶನದ ತಲೆಬರಹದಲ್ಲಿ ಚಟದ ಹೆಸರೇ ಇರಬೇಕಾಗಿಲ್ಲ. ಉದ್ಘಾಟನೆಯಲ್ಲಿ ವೈನ್ ಹಂಚುವ ಅಭ್ಯಾಸ ಕೆಲವು ಗ್ಯಾಲರಿಗಳಿಗೆ ಇದೆ, ಅದನ್ನು ಬರಹದಲ್ಲೇ ಬೇಡ ಅಂದುಬಿಡಿ. ಚಿತ್ರ ಮಾರಾಟವಾದರೆ ದುಡ್ಡು ಬರೆದವರಿಗೆ ಸೇರಬೇಕು. ಕೈಗೆ ಒಮ್ಮೆಲೇ ನಗದು ಬಂದರೆ ಕೆಲವರಿಗೆ ಕಷ್ಟ, ಆದರೆ ಹೇಗೆ ಬೇಕು ಅಂತ ಅವರನ್ನೇ ಕೇಳಿ, ಸಂಸ್ಥೆ ತನ್ನಷ್ಟಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಪ್ರದರ್ಶನ ಮುಗಿದ ಮುಂದಿನ ವಾರವೂ ತರಗತಿ ಇರಲಿ. ಚಪ್ಪಾಳೆ ಮುಗಿದ ಮರುದಿನ ಏನೂ ಇಲ್ಲ ಅನ್ನುವ ಹಾಗೆ ಆದರೆ ಕಷ್ಟ, ರಂಗದಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರದಿಯಲ್ಲಿ 'ಎಷ್ಟು ಜನ ಬಿಟ್ಟರು' ಅಂತ ಬರೆಯಲು ಒಪ್ಪಬೇಡಿ. ಅದು ನಿಮ್ಮ ತರಗತಿಯಿಂದ ಆಯಿತೋ ಮಾತ್ರೆಯಿಂದ ಆಯಿತೋ ಯಾರಿಗೂ ಹೇಳಲಾಗದು. ಅಲ್ಲದೆ ಆ ಲೆಕ್ಕ ಹಾಕುತ್ತಿದ್ದೀರಿ ಅಂತ ಗೊತ್ತಾದರೆ ಜಾರಿದವರು ಸುಳ್ಳು ಹೇಳುತ್ತಾರೆ, ಇಲ್ಲ ಅಂದರೆ ಬರುವುದೇ ಬಿಡುತ್ತಾರೆ. ಎಷ್ಟು ಜನ ಬಂದರು, ಬಿಟ್ಟುಹೋದವರಲ್ಲಿ ಎಷ್ಟು ಜನ ವಾಪಸ್ ಬಂದರು, ಅದನ್ನು ಬರೆಯಿರಿ. ಬಜೆಟ್‌ನಲ್ಲಿ ಒಬ್ಬ ಸಹಾಯಕರ ಸಂಬಳ ಕೇಳಿ. ಕೆಲವು ವರ್ಷಗಳ ಹಿಂದೆ ಬಿಟ್ಟವರೊಬ್ಬರನ್ನು ಆ ಕೆಲಸಕ್ಕೆ ತೆಗೆದುಕೊಳ್ಳಿ, ಸುಮ್ನೆ ಸ್ವಯಂಸೇವಕ ಅಂತ ದುಡಿಸಿಕೊಳ್ಳಬೇಡಿ. ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಅಂತ ನೋಡುತ್ತಿರುವವರನ್ನು ಕರೆಯುವುದು ನಿಮಗಿಂತ ಅವರಿಗೇ ಚೆನ್ನಾಗಿ ಬರುತ್ತದೆ. ಸಂಸ್ಥೆಯ ಜೊತೆ ಮೊದಲ ಮಾತುಕತೆಗೆ ಹೋಗುವಾಗ ಮೂರು ವಿಷಯ ಕೇಳಿ: ಸಂಜೆಯ ಸಮಯ, ಫೋನ್ ಎತ್ತುವ ಕೌನ್ಸೆಲರ್, ಈ ಸಂಬಳ. ಮೂರಕ್ಕೂ ಇಲ್ಲ ಅಂದರೆ ಇಲ್ಲಿ ಬಂದು ಹೇಳಿ, ಬೇರೆ ದಾರಿ ನೋಡೋಣ.