ಓದುಗರ ಪ್ರಶ್ನೆ: ಆಸ್ಕರ್ ರಾತ್ರಿಯ ಪಕ್ಕದಲ್ಲೊಂದು ಅವಾಂತರ

ಪ್ರಶ್ನೆ: ಅಮೆರಿಕದಲ್ಲಿರುವ ಮಗ ‘ಆನ್ ಸಿನಿಮಾ’ ತಂಡದ ಆಸ್ಕರ್ ವಿಶೇಷ ನೇರಪ್ರಸಾರವನ್ನು ನೋಡಲೇಬೇಕೆಂದು ಒತ್ತಾಯಿಸಿದ. ನೋಡಿದೆ. ಇಬ್ಬರು ನಿರೂಪಕರು ಕಿತ್ತಾಡುತ್ತಾರೆ, ಒಬ್ಬ ಕುಡಿದು ಕಿರುಚುತ್ತಾನೆ, ಯಾವ ಪ್ರಶಸ್ತಿ ಯಾರಿಗೆ ಹೋಯಿತೆಂಬುದೇ ತಿಳಿಯುವುದಿಲ್ಲ. ಇದರಲ್ಲಿ ನಗುವಂಥದ್ದು ಏನಿದೆ?
– ಓದುಗರು, ಧಾರವಾಡ

ಉತ್ತರ: ಪ್ರಶಸ್ತಿ ಯಾರಿಗೆ ಹೋಯಿತೆಂಬುದು ತಿಳಿಯದೇ ಹೋಗುವುದೇ ಆ ಕಾರ್ಯಕ್ರಮದ ಹಾಸ್ಯದ ಮೂಲ. ಟಿಮ್ ಹೈಡೆಕರ್ ಮತ್ತು ಗ್ರೆಗ್ ಟರ್ಕಿಂಗ್ಟನ್ ಎಂಬ ಇಬ್ಬರು ಅಮೆರಿಕನ್ ಹಾಸ್ಯಗಾರರು 2011ರಲ್ಲಿ ಪಾಡ್‌ಕಾಸ್ಟ್ ಆಗಿ ಆರಂಭಿಸಿದ ‘ಆನ್ ಸಿನಿಮಾ’, ಮರುವರ್ಷ ವೀಡಿಯೊ ಸರಣಿಯ ರೂಪ ಪಡೆಯಿತು. ಅದರಲ್ಲಿ ಇಬ್ಬರೂ ತಮ್ಮದೇ ಹೆಸರಿಟ್ಟುಕೊಂಡ ಕಾಲ್ಪನಿಕ ಪಾತ್ರಗಳಾಗಿ, ಚಿತ್ರವಿಮರ್ಶಕರ ವೇಷದಲ್ಲಿ ಕುಳಿತಿರುತ್ತಾರೆ. ಚಿತ್ರದ ಬಗ್ಗೆ ಹೇಳಲು ಅವರ ಬಳಿ ಏನೂ ಇರುವುದಿಲ್ಲ; ಆದರೂ ಬಹುತೇಕ ಎಲ್ಲ ಚಿತ್ರಗಳಿಗೂ ಐದು ಪಾಪ್‌ಕಾರ್ನ್ ಪೊಟ್ಟಣಗಳ ಪೂರ್ಣಾಂಕ ಸಿಗುತ್ತದೆ. 2013ರ ಫೆಬ್ರುವರಿಯಲ್ಲಿ 85ನೇ ಆಸ್ಕರ್ ಸಮಾರಂಭ ಲಾಸ್ ಏಂಜಲೀಸ್‌ನ ಡಾಲ್ಬಿ ಥಿಯೇಟರಿನಲ್ಲಿ ನಡೆಯುತ್ತಿದ್ದ ಹೊತ್ತಿಗೇ ಇವರು ತಮ್ಮ ಪುಟ್ಟ ಸೆಟ್ಟಿನಿಂದ ಮೊದಲ ಆಸ್ಕರ್ ವಿಶೇಷವನ್ನು ಅಂತರ್ಜಾಲದಲ್ಲಿ ನೇರವಾಗಿ ಪ್ರಸಾರ ಮಾಡಿದರು. ಮುಂದೆ ಅದೊಂದು ವಾರ್ಷಿಕ ಪದ್ಧತಿಯೇ ಆಯಿತು.

ಈ ಎರಡು ಪ್ರಸಾರಗಳು ಏಕಕಾಲಕ್ಕೆ ನಡೆಯುತ್ತವೆ ಎಂಬುದನ್ನು ಮರೆತರೆ ಕಾರ್ಯಕ್ರಮ ಬರೀ ಗಲಾಟೆಯಾಗಿ ಕಾಣುತ್ತದೆ. ಅತ್ತ ಕೋಟ್ಯಂತರ ಜನ ನೋಡುತ್ತಿರುವ, ಪ್ರತಿ ಕ್ಷಣವನ್ನೂ ಲೆಕ್ಕಹಾಕಿಟ್ಟ ವೈಭವದ ಸಮಾರಂಭವಿದ್ದರೆ, ಇತ್ತ ಅದರ ದೃಶ್ಯಗಳನ್ನು ತೋರಿಸುವ ಹಕ್ಕೂ ಇಲ್ಲದ, ಕೆಂಪು ಹಾಸಿನ ಹತ್ತಿರಕ್ಕೂ ಯಾರೂ ಕರೆಯದ ಇಬ್ಬರು, ತಮ್ಮ ಮಾತಿಲ್ಲದೆ ಆ ರಾತ್ರಿ ಪೂರ್ಣವಾಗುವುದೇ ಇಲ್ಲವೆಂಬ ಗತ್ತಿನಲ್ಲಿ ಕುಳಿತಿರುತ್ತಾರೆ. ಗ್ರೆಗ್‌ಗೆ ಸಿನಿಮಾ ಒಂದೇ ಜೀವ. ಅವನ ಸಿನಿಮಾಪ್ರೇಮವೆಂದರೆ ಚಿತ್ರಗಳ ಅವಧಿಯನ್ನು ಬಾಯಿಪಾಠ ಮಾಡುವುದು, ಹಳೆಯ ವಿಎಚ್‌ಎಸ್ ಕ್ಯಾಸೆಟ್ಟುಗಳನ್ನು ಕೂಡಿಟ್ಟು ಅದಕ್ಕೆ ‘ವಿಕ್ಟರ್‌ವಿಲ್ ಫಿಲ್ಮ್ ಆರ್ಕೈವ್’ ಎಂದು ಹೆಸರಿಡುವುದು, ಸ್ಟಾರ್ ಟ್ರೆಕ್ ಸರಣಿಯ ಯಾವ ಚಿತ್ರ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆಯುತ್ತದೆಂಬ ಬಗ್ಗೆ ವರ್ಷಗಟ್ಟಲೆ ವಾದಿಸುವುದು. ಟಿಮ್‌ಗೆ ಸಿನಿಮಾ ಒಂದು ನೆಪ ಮಾತ್ರ. ಅವನಿಗೆ ಬೇಕಾದದ್ದು ತನ್ನ ಹಾಡು, ತನ್ನ ಹೊಸ ವ್ಯಾಪಾರ, ತನ್ನ ಹಗೆ. ಒಬ್ಬ ವಿಷಯಕ್ಕೆ ಅಂಟಿಕೊಂಡೇ ಬೇಸರ ತರಿಸುತ್ತಾನೆ, ಇನ್ನೊಬ್ಬ ವಿಷಯ ಬಿಟ್ಟು ಗಾಬರಿ ಹುಟ್ಟಿಸುತ್ತಾನೆ. ಇವರಿಬ್ಬರ ನಡುವೆ ಸಿಕ್ಕಿಕೊಂಡ ಆಸ್ಕರ್ ನಿಧಾನವಾಗಿ ಕಾಣೆಯಾಗುತ್ತದೆ.

ಧ್ವನಿ ಕೈಕೊಟ್ಟರೂ, ಅತಿಥಿ ತಬ್ಬಿಬ್ಬಾದರೂ, ನಿರೂಪಕ ಎದ್ದು ಹೊರನಡೆದರೂ ಪ್ರಸಾರ ಮಾತ್ರ ನಿಲ್ಲದು, ಮತ್ತು ಪಾತ್ರಧಾರಿಗಳು ಒಮ್ಮೆಯೂ ಕ್ಯಾಮೆರಾದತ್ತ ತಿರುಗಿ ‘ಇದು ತಮಾಷೆ’ ಎಂದು ಕಣ್ಣು ಮಿಟುಕಿಸುವುದಿಲ್ಲ. ನಮಗೆ ಮುಜುಗರವಾಗುತ್ತದೆ, ಆ ಮುಜುಗರ ಎಷ್ಟು ಹೊತ್ತು ಎಳೆಯುತ್ತದೆಯೋ ಅಷ್ಟೂ ಹೊತ್ತು ನಗು ಒಳಗೇ ಕುದಿಯುತ್ತದೆ. ನಿಮಗೆ ನಗು ಬಾರದಿದ್ದರೆ ಅದು ರಸಿಕತೆಯ ಕೊರತೆಯೇನಲ್ಲ. ಗಂಟೆಗಟ್ಟಲೆ ಸಾಗುವ ಈ ಪ್ರಸಾರ, ಪಾತ್ರಗಳ ಹಿಂದಿನ ಕಥೆ ಗೊತ್ತಿಲ್ಲದವರನ್ನು ಹೊರಗೇ ನಿಲ್ಲಿಸುತ್ತದೆ, ಮತ್ತು ಕೆಲವು ವರ್ಷಗಳಲ್ಲಿ ಅತಿಯಾಗಿ ಎಳೆದದ್ದೂ ಉಂಟೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಆ ಗೊಂದಲವೆಲ್ಲ ನಿಜವೋ, ಮೊದಲೇ ಬರೆದಿಟ್ಟುಕೊಂಡದ್ದೋ?
– ವಿದ್ಯಾರ್ಥಿನಿ, ಉಡುಪಿ

ಉತ್ತರ: ನೀವು ಉಡುಪಿಯವರಾದ್ದರಿಂದ ಉತ್ತರ ಸುಲಭ: ತಾಳಮದ್ದಳೆಯಲ್ಲಿ ಪ್ರಸಂಗ ಮೊದಲೇ ಗೊತ್ತಿದ್ದು ಅರ್ಥ ಮಾತ್ರ ಆ ಕ್ಷಣದಲ್ಲಿ ಹುಟ್ಟುವಂತೆ, ಇಲ್ಲಿಯೂ ಯಾವಾಗ ಯಾರು ಸಿಡಿಯಬೇಕು, ಯಾವ ಅನಾಹುತ ಎಲ್ಲಿ ಬರಬೇಕು ಎಂಬ ಹಂದರ ಸಿದ್ಧವಿರುತ್ತದೆ, ಮಾತುಗಳು ಬಹುಪಾಲು ಆಶುವಾಗಿ ಬರುತ್ತವೆ. ನೇರಪ್ರಸಾರದಲ್ಲಿ ಇದು ಅಪಾಯದ ಆಟ. ಏಕೆಂದರೆ ಕೆಟ್ಟುಹೋದಂತೆ ನಟಿಸುವಾಗ ನಿಜವಾಗಿಯೂ ಏನಾದರೂ ಕೆಟ್ಟರೆ ಅದನ್ನೂ ಪಾತ್ರದೊಳಗಿದ್ದುಕೊಂಡೇ ನುಂಗಬೇಕಾಗುತ್ತದೆ. ಇದಕ್ಕೆ ಸಹಾಯಕ ನಟರೂ ಪಳಗಿದವರೇ ಬೇಕು. ಸದಾ ಟಿಮ್‌ನ ಯೋಜನೆಗಳಿಗೆ ಬಲಿಯಾಗುವ ಅನುಕರಣ ಕಲಾವಿದನ ಪಾತ್ರದಲ್ಲಿ ಮಾರ್ಕ್ ಪ್ರಾಕ್ಷ್ ಇದ್ದಾರೆ. ನಟ ಮಾರ್ಟಿನ್ ಶೀನ್ ಅವರ ತಮ್ಮ ಜೋ ಎಸ್ಟೆವೆಜ್ ಸ್ವತಃ ತಾವಾಗಿಯೇ ಬಂದು, ಸುತ್ತಲಿನ ಗದ್ದಲದ ನಡುವೆ ಅತ್ಯಂತ ಸೌಜನ್ಯದಿಂದ ಕುಳಿತಿರುತ್ತಾರೆ. ಆ ಸೌಜನ್ಯವೇ ನನಗೆ ಹೆಚ್ಚು ನಗು ತರಿಸಿದ್ದು.

ಪ್ರಶ್ನೆ: ಇದೂ ರಾಝಿ ಪ್ರಶಸ್ತಿಯೂ ಒಂದೇ ಜಾತಿಯವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. 1981ರಲ್ಲಿ ಜಾನ್ ವಿಲ್ಸನ್ ತಮ್ಮ ಮನೆಯ ನಡುಕೋಣೆಯಲ್ಲಿ ಆರಂಭಿಸಿದ ರಾಝಿ, ಕೆಟ್ಟ ಚಿತ್ರಗಳನ್ನೂ ಕೆಟ್ಟ ನಟನೆಯನ್ನೂ ಹೆಸರಿಸಿ ಗೇಲಿ ಮಾಡುತ್ತದೆ. 2005ರಲ್ಲಿ ಹ್ಯಾಲಿ ಬೆರಿ ‘ಕ್ಯಾಟ್‌ವುಮನ್’ಗಾಗಿ ಬಂದ ರಾಝಿಯನ್ನು, ಹಿಂದೆ ಗೆದ್ದಿದ್ದ ಆಸ್ಕರನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಸ್ವೀಕರಿಸಿದಾಗ ಗೇಲಿ ಮಾಡಿದವರಿಗಿಂತ ಗೇಲಿಗೊಳಗಾದವರೇ ದೊಡ್ಡವರಾಗಿ ಕಂಡರು. 2023ರಲ್ಲಿ 12 ವರ್ಷದ ಬಾಲನಟಿಯೊಬ್ಬಳನ್ನು ನಾಮನಿರ್ದೇಶನ ಮಾಡಿ, ಆಕ್ಷೇಪ ಎದ್ದ ಮೇಲೆ ಹಿಂತೆಗೆದುಕೊಂಡದ್ದು ಆ ಬಗೆಯ ಅಣಕದ ಮಿತಿಯನ್ನು ತೋರಿಸಿತು. ‘ಆನ್ ಸಿನಿಮಾ’ ಚಿತ್ರಗಳನ್ನಾಗಲಿ ಕಲಾವಿದರನ್ನಾಗಲಿ ಹೀಗಳೆಯುವುದಿಲ್ಲ, ಎಲ್ಲರಿಗೂ ಐದು ಪೊಟ್ಟಣ ಕೊಟ್ಟು ಕಳಿಸುತ್ತದೆ. ಅದು ಕುಟುಕುವುದು ಪರದೆಯ ಬದಿಯಲ್ಲಿ ಕುಳಿತು ತಜ್ಞರಂತೆ ಮಾತನಾಡುವವರನ್ನು. ಈ ಅಂಕಣಕಾರನೂ ಆ ಸಾಲಿಗೆ ಸೇರಿದವನೇ.

ಪ್ರಶ್ನೆ: 2017ರಲ್ಲಿ ತಪ್ಪು ಲಕೋಟೆ, 2022ರಲ್ಲಿ ವೇದಿಕೆಯ ಮೇಲೆಯೇ ಕಪಾಳಮೋಕ್ಷ. ನಿಜವಾದ ಸಮಾರಂಭವೇ ಹೀಗಿರುವಾಗ ಅಣಕವೇಕೆ ಬೇಕು?
– ಓದುಗರು, ಬೆಂಗಳೂರು

ಉತ್ತರ: ಆ ಎರಡು ಪ್ರಸಂಗಗಳ ಮುಂದಿನ ಭಾಗವನ್ನು ನೆನಪಿಸಿಕೊಳ್ಳಿ. ಶ್ರೇಷ್ಠ ಚಿತ್ರ ‘ಲಾ ಲಾ ಲ್ಯಾಂಡ್’ ಎಂದು ಘೋಷಣೆಯಾಗಿ ಧನ್ಯವಾದದ ಭಾಷಣಗಳು ನಡೆಯುತ್ತಿರುವಾಗ ಆ ಚಿತ್ರದ ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ತಾವೇ, ನಿಜವಾಗಿ ಗೆದ್ದ ‘ಮೂನ್‌ಲೈಟ್’ನ ಹೆಸರಿದ್ದ ಚೀಟಿಯನ್ನು ಎತ್ತಿ ತೋರಿಸಿದರು. ಕೆಲವೇ ನಿಮಿಷಗಳಲ್ಲಿ ವೇದಿಕೆ ಸರಿಹೋಯಿತು. ವಿಲ್ ಸ್ಮಿತ್ ಅವರು ಕ್ರಿಸ್ ರಾಕ್ ಅವರಿಗೆ ಹೊಡೆದ ರಾತ್ರಿಯೇ ಅದೇ ವೇದಿಕೆಯಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸ್ವೀಕರಿಸಿ ಭಾಷಣ ಮಾಡಿದರು. ಏನೇ ಆದರೂ ಕಾರ್ಯಕ್ರಮ ಮುಂದುವರಿಯಬೇಕೆಂಬ ಈ ಹಟವನ್ನೇ ‘ಆನ್ ಸಿನಿಮಾ’ ಅತಿರೇಕಕ್ಕೆ ಒಯ್ದು ತೋರಿಸುತ್ತದೆ. ಅಲ್ಲಿ ಗ್ರೆಗ್ ಎಂಥ ಅನಾಹುತದ ನಡುವೆಯೂ ಮುಂದಿನ ವಿಭಾಗದ ಭವಿಷ್ಯ ನುಡಿಯಲು ಹಾತೊರೆಯುತ್ತಿರುತ್ತಾನೆ.

ಪ್ರಶ್ನೆ: ಕನ್ನಡದಲ್ಲಿ ಇಂಥದ್ದು ಸಾಧ್ಯವೇ?
– ಓದುಗರು, ಮೈಸೂರು

ಉತ್ತರ: ನಟರ ಕೊರತೆಯಂತೂ ಇಲ್ಲ. ತೊಡಕಿರುವುದು ಬೇರೆ ಕಡೆ. ನಮ್ಮ ಖಾಸಗಿ ಚಲನಚಿತ್ರ ಪ್ರಶಸ್ತಿ ಸಮಾರಂಭಗಳು ಸಾಮಾನ್ಯವಾಗಿ ಚಿತ್ರೀಕರಣಗೊಂಡು, ಕತ್ತರಿಸಿ ಜೋಡಿಸಿದ ಮೇಲೆ, ಬಹಳ ದಿನಗಳ ನಂತರ ವಾಹಿನಿಯಲ್ಲಿ ಬರುತ್ತವೆ. ಗೆದ್ದವರು ಯಾರೆಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಪಕ್ಕದಲ್ಲಿ ಕುಳಿತು ಅಣಕಿಸಲು ನೇರವಾಗಿ ನಡೆಯುವ ಒಂದು ಮೂಲವೇ ಇಲ್ಲದಿದ್ದರೆ ಸಮಯದ ಓಟವಿಲ್ಲ, ಸಮಯದ ಓಟವಿಲ್ಲದಿದ್ದರೆ ಎಡವಟ್ಟಿಗೆ ಬೆಲೆಯಿಲ್ಲ.

ಪ್ರಶ್ನೆ: ನೋಡುವುದಾದರೆ ಎಲ್ಲಿಂದ ಆರಂಭಿಸಬೇಕು?
– ಓದುಗರು, ದಾವಣಗೆರೆ

ಉತ್ತರ: ಆಸ್ಕರ್ ವಿಶೇಷದಿಂದ ಆರಂಭಿಸಬೇಡಿ. ಮೊದಲ ಋತುಗಳ ಸಣ್ಣ ಕಂತುಗಳನ್ನು ನೋಡಿ, ಆಮೇಲೆ 2013ರ ವಿಶೇಷಕ್ಕೆ ಬನ್ನಿ. ಟಿಮ್‌ನ ಮೇಲೆ ಕೊಲೆ ಆರೋಪ ಹೊರಿಸಿ ವಿಚಾರಣೆ ನಡೆಸುವ 2017ರ ಕಂತುಗಳನ್ನು ಅದಾದ ನಂತರಕ್ಕೆ ಇಟ್ಟುಕೊಳ್ಳಿ. 2021ರಿಂದ ತಂಡವು ‘ಎಚ್‌ಇಐ ನೆಟ್‌ವರ್ಕ್’ ಎಂಬ ತನ್ನದೇ ಚಂದಾ ವೇದಿಕೆಯನ್ನು ನಡೆಸುತ್ತಿದೆ. ನೇರಪ್ರಸಾರವನ್ನೇ ನೋಡುವ ಹಂಬಲವಿದ್ದರೆ ಸೋಮವಾರ ಬೆಳಗಿನ ಜಾವ ಏಳಬೇಕು, ಏಕೆಂದರೆ ಅಲ್ಲಿನ ಭಾನುವಾರದ ಸಂಜೆ ನಮಗೆ ಆ ಹೊತ್ತು.